ಕೊರತೆಯ ಲೆಕ್ಕ, ಕೃಷ್ಣೆಯ ನೀರು

ಕಾಳುಮೆಣಸು ಬೆಳೆಯುವ ಮಲೆನಾಡಿಗೂ ದ್ರಾಕ್ಷಿ ಬೆಳೆಯುವ ವಿಜಯಪುರದ ಬಯಲಿಗೂ ಹೇಳಿಕೊಳ್ಳುವಂತಹ ನಂಟೇನೂ ಇಲ್ಲವೆಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ 2024ರ ಡಿಸೆಂಬರ್ 21ರಂದು ಜೈಸಲ್ಮೇರಿನಲ್ಲಿ ಸೇರಿದ್ದ ಸರಕು ಮತ್ತು ಸೇವಾ ತೆರಿಗೆ ಮಂಡಳಿಯ 55ನೆಯ ಸಭೆಯು ಇವೆರಡನ್ನೂ ಒಂದೇ ವಾಕ್ಯದಲ್ಲಿ ತಂದು ನಿಲ್ಲಿಸಿತು. ಕೃಷಿಕನು ತಾನೇ ಬೆಳೆದು ಮಾರುವ ಕಾಳುಮೆಣಸಿಗೂ ಒಣದ್ರಾಕ್ಷಿಗೂ ಈ ತೆರಿಗೆ ಅನ್ವಯಿಸುವುದಿಲ್ಲ ಎಂಬುದು ಆ ಸಭೆಯ ಸ್ಪಷ್ಟೀಕರಣ. ಒಣಗಿಸಿದ ಮಾತ್ರಕ್ಕೆ ಮೆಣಸು ವ್ಯಾಪಾರದ ಸರಕಾಗಿಬಿಡುತ್ತದೆಯೇ ಎಂದು ಆತಂಕಗೊಂಡಿದ್ದ ನಮ್ಮ ಬೆಳೆಗಾರರು ನಿಟ್ಟುಸಿರು ಬಿಟ್ಟರು. ತಿಕೋಟಾ, ಬಬಲೇಶ್ವರ ಸೀಮೆಯ ದ್ರಾಕ್ಷಿ ಬೆಳೆಗಾರರಿಗೂ ಅದೇ ನೆಮ್ಮದಿ ದೊರೆಯಿತು.

ನೆಮ್ಮದಿ ಸಹಜವೇ. ಆದರೆ ಅದರ ಬೆನ್ನಿಗೇ ಒಂದು ಪ್ರಶ್ನೆಯೂ ನಿಂತಿದೆ. ತೆರಿಗೆ ಕಡಿಮೆಯಾಗಬೇಕು ಎನ್ನುವವರು ನಾವೇ. ಊರಿಗೆ ಕಾಲುಸಂಕ ಬೇಕು, ಶಾಲೆಗೆ ಮೇಷ್ಟರು ಬೇಕು, ಹೊಲಕ್ಕೆ ನೀರು ಬೇಕು ಎನ್ನುವವರೂ ನಾವೇ. ಈ ಎರಡರ ನಡುವಿನ ಅಂತರವನ್ನು ಸರಕಾರವು ಸಾಲದಿಂದ ತುಂಬುತ್ತದೆ. ಆ ಸಾಲವನ್ನು ತೀರಿಸುವವರು ಯಾರು, ಅದರಿಂದ ಉಳಿಯುವುದೇನು ಎಂಬುದನ್ನು ಮುಂಗಡಪತ್ರದ ಮರುದಿನದ ಪತ್ರಿಕೆಗಳು ವಿರಳವಾಗಿ ಹೇಳುತ್ತವೆ. ಈ ಸಂಚಿಕೆಯಲ್ಲಿ ಆ ಲೆಕ್ಕವನ್ನು ಬಿಡಿಸಿ ನೋಡಲು ನಾವು ವಿಜಯಪುರವನ್ನು ಆರಿಸಿಕೊಂಡಿದ್ದೇವೆ. ಅತಿ ತೆರಿಗೆ, ಅತಿ ಉಳಿತಾಯ, ಅತಿ ಸಾಲ ಈ ಮೂರನ್ನೂ ಆ ಸೀಮೆ ಹತ್ತಿರದಿಂದ ಕಂಡಿದೆ.

ದರ ಏರಿದರೆ ಆದಾಯ ಏರುವುದೇ?

ತೆರಿಗೆಯ ದರವನ್ನು ಹೆಚ್ಚಿಸಿದಷ್ಟೂ ಬೊಕ್ಕಸ ತುಂಬುತ್ತದೆ ಎಂಬ ನಂಬಿಕೆ ಎಷ್ಟು ಹಳೆಯದೋ, ಅದು ಸುಳ್ಳಾದ ಕತೆಯೂ ಅಷ್ಟೇ ಹಳೆಯದು. ಅಂತಹ ಒಂದು ಕತೆ ವಿಜಯಪುರಕ್ಕೆ ನೆರೆಯ ಪುಣೆ ಸೀಮೆಯಲ್ಲಿ ನಡೆಯಿತು. ಪೇಶ್ವೆಯವರ ಪತನದ ನಂತರ ಆ ಪ್ರಾಂತ ಕಂಪನಿ ಸರಕಾರದ ಕೈಸೇರಿದಾಗ ಪ್ರಿಂಗಲ್ ಎಂಬ ಅಧಿಕಾರಿ ಅಲ್ಲಿನ ಭೂಮಿಯನ್ನು ಅಳೆದನು. ರೈತನ ಖರ್ಚು ಕಳೆದು ಉಳಿಯುವ ನಿವ್ವಳ ಉತ್ಪನ್ನದಲ್ಲಿ ಶೇಕಡಾ 55ರಷ್ಟು ಸರಕಾರಕ್ಕೆ ಸಲ್ಲಬೇಕೆಂದು ನಿಗದಿಪಡಿಸಿದನು. 1830ರ ಸುಮಾರಿಗೆ ಜಾರಿಗೆ ಬಂದ ಈ ಕಂದಾಯ ಕಾಗದದ ಮೇಲೆ ಬಹಳ ಶಾಸ್ತ್ರೀಯವಾಗಿತ್ತು. ನೆಲದ ಮೇಲೆ ಆದದ್ದೇ ಬೇರೆ. ಬಾಕಿ ಬೆಳೆಯಿತು, ರೈತರು ಹೊಲಗಳನ್ನು ಬೀಳುಬಿಟ್ಟು ನೆರೆಯ ಸಂಸ್ಥಾನಗಳಿಗೆ ವಲಸೆ ಹೋದರು. ದರ ಹೆಚ್ಚಿತ್ತು, ಆದರೆ ದರ ಕಟ್ಟುವ ಹೊಲವೇ ಇರಲಿಲ್ಲ.

ಆಗ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬಿಬ್ಬರು ಇಂದಾಪುರ ತಾಲ್ಲೂಕನ್ನು ಮತ್ತೆ ಅಳೆದರು. ದರವನ್ನು ಇಳಿಸಿ, ಮೂವತ್ತು ವರ್ಷ ಅದನ್ನು ಏರಿಸುವುದಿಲ್ಲವೆಂದು 1836ರಲ್ಲಿ ಹೊಸ ವ್ಯವಸ್ಥೆ ಮಾಡಿದರು. ಬೀಳುಬಿದ್ದ ಭೂಮಿ ಮತ್ತೆ ನೇಗಿಲು ಕಂಡಿತು. ಎಕರೆಗೆ ಬರುವ ಕಂದಾಯ ಕಡಿಮೆಯಾಯಿತು, ಕಂದಾಯ ಕಟ್ಟುವ ಎಕರೆಗಳು ಹೆಚ್ಚಿದವು. ಇಂದಾಪುರವನ್ನು ಸವರಿ ಬರುವ ಭೀಮೆಯೇ ಮುಂದೆ ವಿಜಯಪುರ ಜಿಲ್ಲೆಯ ಉತ್ತರದ ಅಂಚಿನಲ್ಲಿ ಹರಿಯುತ್ತಾಳೆ. ಆ ಅಳತೆಯ ಪದ್ಧತಿಯೂ ಕಾಲಕ್ರಮದಲ್ಲಿ ಧಾರವಾಡ, ಕಲಾದಗಿ ಸೀಮೆಗಳಿಗೆ ಹರಿದುಬಂತು. ಅವಧಿ ಮುಗಿದ ಮೇಲೆ, ಹತ್ತಿಯ ಬೆಲೆ ಕುಸಿಯುತ್ತಿದ್ದ ದಿನಗಳಲ್ಲಿ ಪುಣೆ ಸೀಮೆಯ ದರಗಳನ್ನು ತೀವ್ರವಾಗಿ ಏರಿಸಿದ್ದು 1875ರ ರೈತ ದಂಗೆಯ ಕಾರಣಗಳಲ್ಲೊಂದಾಯಿತೆಂಬುದನ್ನೂ ಇಲ್ಲಿ ನೆನೆಯಬೇಕು.

ಅಮೆರಿಕದ ಅರ್ಥಶಾಸ್ತ್ರಜ್ಞ ಆರ್ಥರ್ ಲ್ಯಾಫರ್ 1974ರಲ್ಲಿ ಹೋಟೆಲೊಂದರ ಕೈವಸ್ತ್ರದ ಮೇಲೆ ಒಂದು ವಕ್ರರೇಖೆಯನ್ನು ಎಳೆದು ಇದೇ ಮಾತನ್ನು ಹೇಳಿದನೆಂಬ ಕತೆ ಲೋಕಪ್ರಸಿದ್ಧವಾಗಿದೆ. ತೆರಿಗೆಯ ದರ ಸೊನ್ನೆಯಾದರೆ ಆದಾಯವೂ ಸೊನ್ನೆ, ನೂರಕ್ಕೆ ನೂರಾದರೆ ದುಡಿಯುವವರೇ ಇಲ್ಲದೆ ಆಗಲೂ ಸೊನ್ನೆ. ನಡುವೆ ಎಲ್ಲೋ ಒಂದು ಶಿಖರವಿದೆ. ಮಾತು ಸರಿಯೇ. ಆದರೆ ನಾವು ಶಿಖರದ ಯಾವ ಬದಿಯಲ್ಲಿದ್ದೇವೆ ಎಂಬುದನ್ನು ಆ ರೇಖೆ ಹೇಳುವುದಿಲ್ಲ. ಬೆಟ್ಟದವರಾದ ನಮಗೆ ಇದನ್ನು ವಿವರಿಸಬೇಕಿಲ್ಲ. ಮಂಜು ಕವಿದಾಗ ಇಳಿಯುತ್ತಿದ್ದೇವೋ ಏರುತ್ತಿದ್ದೇವೋ ಎಂದು ತಿಳಿಯಲು ಕಾಲಕೆಳಗಿನ ನೆಲವನ್ನೇ ನೋಡಬೇಕು.

ನೆಲವನ್ನು ನೋಡದೆ ಇಳಿಸಿದ ದರಕ್ಕೂ ನಿದರ್ಶನವಿದೆ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರವು ದೇಶೀಯ ಕಂಪನಿಗಳ ಆದಾಯ ತೆರಿಗೆಯನ್ನು, ಇತರ ರಿಯಾಯಿತಿಗಳನ್ನು ಬಿಟ್ಟುಕೊಡುವ ಷರತ್ತಿನ ಮೇಲೆ, ಶೇಕಡಾ 30ರಿಂದ 22ಕ್ಕೆ ಇಳಿಸಿತು. ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಬಿಟ್ಟುಕೊಟ್ಟಂತಾಗುವುದೆಂದು ಸರಕಾರವೇ ಅಂದಾಜಿಸಿತ್ತು. ಹೂಡಿಕೆ ಹೆಚ್ಚಿ, ಉದ್ಯೋಗ ಹೆಚ್ಚಿ, ಆ ಹಣ ತಿರುಗಿ ಬರುತ್ತದೆ ಎಂಬುದು ವಾದ. 2018-19ರಲ್ಲಿ ಸುಮಾರು 6.63 ಲಕ್ಷ ಕೋಟಿಯಿದ್ದ ಈ ತೆರಿಗೆಯ ಸಂಗ್ರಹ 2019-20ರಲ್ಲಿ ಸುಮಾರು 5.57 ಲಕ್ಷ ಕೋಟಿಗೆ ಇಳಿಯಿತು. ಮುಂದೆ ಕಂಪನಿಗಳ ಲಾಭ ಏರಿದಾಗ ಸಂಗ್ರಹವೂ ಏರಿತೆಂಬುದು ನಿಜ. ಆದರೆ ಹೇಳಿದಷ್ಟು ಕಾರ್ಖಾನೆಗಳೂ ಕೆಲಸಗಳೂ ಬಂದವೆಂದು ಯಾರೂ ಎದೆತಟ್ಟಿ ಹೇಳಲಾರರು. ಇಂದಾಪುರದ ರೈತನಿಗೆ ಇಳಿಸಿದ ದರ ಬೀಳುಭೂಮಿಯನ್ನು ಉಳುಮೆಗೆ ತಂದಿತು. ಕೊಳ್ಳುವವರಿಲ್ಲದೆ ಯಂತ್ರ ನಿಲ್ಲಿಸಿಕೊಂಡಿರುವ ಕಂಪನಿಗೆ ಇಳಿಸಿದ ದರ ಅದರ ಲಾಭವನ್ನಷ್ಟೇ ಹೆಚ್ಚಿಸುತ್ತದೆ.

ರಾಜ್ಯ ಸರಕಾರಗಳ ಕೈಯಲ್ಲಂತೂ ದರ ನಿರ್ಧರಿಸುವ ಅಧಿಕಾರವೇ ಬಹಳ ಉಳಿದಿಲ್ಲ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ಬಹುಪಾಲು ಸರಕುಗಳ ದರ ದೆಹಲಿಯ ಮಂಡಳಿಯಲ್ಲಿ ತೀರ್ಮಾನವಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12 ಮತ್ತು 28ರ ಹಂತಗಳನ್ನು ತೆಗೆದುಹಾಕಿದಾಗ ಕೊಳ್ಳುವವರಿಗೆ ಅನುಕೂಲವಾಯಿತು. ತಮ್ಮ ಆದಾಯ ಕುಗ್ಗುವುದೆಂದು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಕಳವಳ ವ್ಯಕ್ತಪಡಿಸಿದವು. ರಾಜ್ಯಕ್ಕೆ ಉಳಿದಿರುವ ಮುಖ್ಯ ಮೂಲಗಳೆಂದರೆ ಮದ್ಯ, ಪೆಟ್ರೋಲು-ಡೀಸೆಲ್, ನೋಂದಣಿ ಮತ್ತು ವಾಹನ ತೆರಿಗೆ. ಆದ್ದರಿಂದ ಹಣ ಬೇಕಾದಾಗಲೆಲ್ಲ ಕೈ ಅಲ್ಲಿಗೇ ಹೋಗುತ್ತದೆ. ಡೀಸೆಲ್ ಮೇಲಿನ ಮಾರಾಟ ತೆರಿಗೆ 2021ರ ನವೆಂಬರಿನಲ್ಲಿ ಶೇಕಡಾ 24ರಿಂದ ಸುಮಾರು 14.3ಕ್ಕೆ ಇಳಿದಿತ್ತು, 2024ರ ಜೂನ್‌ನಲ್ಲಿ 18.4ಕ್ಕೂ 2025ರ ಏಪ್ರಿಲ್‌ನಲ್ಲಿ 21.17ಕ್ಕೂ ಏರಿತು. ಏರಿಸಿದಾಗಲೆಲ್ಲ ಸರಕಾರ ಕೊಟ್ಟ ಸಮಜಾಯಿಷಿ, ನೆರೆಯ ರಾಜ್ಯಗಳಿಗಿಂತ ನಮ್ಮಲ್ಲಿ ಬೆಲೆ ಇನ್ನೂ ಕಡಿಮೆ ಎಂಬುದು. ತಿಕೋಟಾದಿಂದ ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಗಡಿ ದೂರವಿಲ್ಲ. ಗಡಿಯಾಚೆಯ ಬೆಲೆಯನ್ನು ಮೀರಿದ ದಿನ ಲಾರಿಗಳು ಟ್ಯಾಂಕನ್ನು ಅಲ್ಲಿಯೇ ತುಂಬಿಸಿಕೊಳ್ಳುತ್ತವೆ. ಲ್ಯಾಫರನ ಶಿಖರ ಅಲ್ಲಿ ಒಂದು ಗಡಿಕಲ್ಲಿನ ರೂಪದಲ್ಲಿ ನಿಂತಿದೆ.

ಉಳಿತಾಯ ಮಾಡಿ ಕೊಂದ ಬರ

ಇನ್ನು ಕೊರತೆಯ ವಿಷಯ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಮನೆವಾರ್ತೆಗೆ ಒಳ್ಳೆಯ ನೀತಿ. ಸರಕಾರಕ್ಕೆ ಅದನ್ನೇ ಯಾವ ಕಾಲಕ್ಕೂ ವಿಧಿಯಾಗಿ ಮಾಡಿದರೆ ಏನಾಗುವುದೆಂಬುದನ್ನು ವಿಜಯಪುರದ ನೆಲ ಕಂಡಿದೆ.

1876ರಲ್ಲಿ ಮಳೆ ಕೈಕೊಟ್ಟಿತು. ಈಗಿನ ವಿಜಯಪುರ, ಬಾಗಲಕೋಟೆಗಳು ಆಗ ಕಲಾದಗಿ ಜಿಲ್ಲೆಯಾಗಿದ್ದವು. ವೈಸರಾಯ್ ಲಿಟ್ಟನ್ನನ ಸರಕಾರಕ್ಕೆ ಬರಕ್ಕಿಂತ ಬೊಕ್ಕಸದ ಚಿಂತೆಯೇ ದೊಡ್ಡದಾಯಿತು. 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಕಳುಹಿಸಿ, ಬರಗಾಲದ ಕಾಮಗಾರಿಯಲ್ಲಿ ದುಡಿಯುವವರ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಅಲ್ಪ ಕಾಸಿಗೆ ಇಳಿಸಲಾಯಿತು. ಅರ್ಧ ಕಿಲೋಗೂ ಕಡಿಮೆ ಕಾಳು ಉಂಡು ಕಲ್ಲು ಒಡೆಯಬೇಕಾಗಿತ್ತು. 1872 ಮತ್ತು 1881ರ ಜನಗಣತಿಗಳ ನಡುವೆ ಆ ಜಿಲ್ಲೆಯ ಜನಸಂಖ್ಯೆ ಐದನೆಯ ಒಂದು ಭಾಗಕ್ಕೂ ಹೆಚ್ಚು ಕುಸಿಯಿತು. ಲೆಕ್ಕದ ಪುಸ್ತಕದಲ್ಲಿ ಅದು ಉಳಿತಾಯ. ಆದರೆ ಸತ್ತವರು ಉಳುವುದಿಲ್ಲ, ಕಂದಾಯ ಕಟ್ಟುವುದಿಲ್ಲ. ಬರಗಾಲದಲ್ಲಿ ಖರ್ಚು ಕಡಿತ ಮಾಡಿದ ಸರಕಾರವು ಮುಂದಿನ ದಶಕದ ತನ್ನ ಆದಾಯವನ್ನೂ ಹೂತುಹಾಕಿತು.

ಆ ಪಾಠ ಕಲಿತ ಮೇಲೆಯೇ ಬರ ನಿವಾರಣೆಗೆಂದು ದಕ್ಷಿಣ ಮರಾಠಾ ರೈಲ್ವೆ ಹುಟ್ಟಿಕೊಂಡಿತು. ಬಡ್ಡಿಗೆ ಸರಕಾರದ ಭರವಸೆ ಪಡೆದ ಬಂಡವಾಳದಿಂದ ಹೊಟಗಿ-ಗದಗ ಮಾರ್ಗವು ವಿಜಯಪುರದ ಮೂಲಕ ಹಾದು 1884ರಲ್ಲಿ ತೆರೆಯಿತು. ಬೆಳೆ ಕೆಟ್ಟ ವರ್ಷ ಬೇರೆ ಸೀಮೆಯ ಕಾಳು ಬಂಡಿಯ ದಾರಿ ಕಾಯದೆ ಬರಲು ಅದರಿಂದ ಸಾಧ್ಯವಾಯಿತು. ಅದೂ ಸಾಲದ ಹಣವೇ. ಆದರೆ ಆ ಸಾಲವು ಒಂದು ನೂರ ನಲವತ್ತು ವರ್ಷಗಳಿಂದ ವಿಜಯಪುರದಲ್ಲಿ ದುಡಿಯುತ್ತಿದೆ.

ಬರದ ವರ್ಷ, ಕಾಯಿಲೆಯ ವರ್ಷ, ಕೆಲಸವಿಲ್ಲದ ವರ್ಷಗಳಲ್ಲಿ ಸರಕಾರವು ತನ್ನ ಆದಾಯಕ್ಕಿಂತ ಹೆಚ್ಚು ಖರ್ಚು ಮಾಡಲೇಬೇಕು. ಗುಳೆ ಹೋಗಬೇಕಾದ ಕುಟುಂಬಕ್ಕೆ ಉದ್ಯೋಗ ಖಾತರಿಯ ಕೂಲಿ ಸಿಕ್ಕರೆ ಆ ಹಣ ಅದೇ ವಾರದ ಸಂತೆಯಲ್ಲಿ ಜೋಳವಾಗಿ, ಎಣ್ಣೆಯಾಗಿ, ಮಕ್ಕಳ ಬಟ್ಟೆಯಾಗಿ ತಿರುಗುತ್ತದೆ. ಅಂಗಡಿಯವನು ಸರಕು ತರಿಸುತ್ತಾನೆ, ಟಂಟಂ ಗಾಡಿಯವನಿಗೆ ಬಾಡಿಗೆ ಸಿಗುತ್ತದೆ. ಬಡವನ ಕೈಗೆ ಬಂದ ರೂಪಾಯಿ ನಿಲ್ಲದೆ ಓಡುತ್ತದೆ, ಸಿರಿವಂತನ ಕೈಗೆ ಬಂದ ರೂಪಾಯಿ ಬಹುಮಟ್ಟಿಗೆ ಬ್ಯಾಂಕಿನಲ್ಲಿ ಕೂಡುತ್ತದೆ. ಹಾಗೆಂದು ಓಡಿದ ರೂಪಾಯಿ ಪೂರ್ತಿಯಾಗಿ ಬೊಕ್ಕಸಕ್ಕೆ ಮರಳುವುದಿಲ್ಲ. ಶೇಕಡಾ ಐದರ ತೆರಿಗೆಯುಳ್ಳ ಸರಕಿಗೆ ನೂರು ರೂಪಾಯಿ ವೆಚ್ಚವಾದರೆ ರಾಜ್ಯದ ಪಾಲಿಗೆ ಬರುವುದು ಎರಡೂವರೆ ರೂಪಾಯಿ. ಕೊರತೆಯ ವೆಚ್ಚವು ತನ್ನ ಸಾಲವನ್ನು ತಾನೇ ತೀರಿಸಿಕೊಳ್ಳುತ್ತದೆ ಎನ್ನುವವರೂ ಕೊರತೆಯೆಂದರೆ ಸರ್ವನಾಶ ಎನ್ನುವವರೂ ಲೆಕ್ಕದ ಅರ್ಧವನ್ನಷ್ಟೇ ಓದಿದವರು.

ಎರಡು ಬಗೆಯ ಕೊರತೆ

ವಿದ್ಯಾರ್ಥಿ ಮಿತ್ರರು ಇಲ್ಲಿ ಎರಡು ಪದಗಳನ್ನು ಬೇರ್ಪಡಿಸಿ ತಿಳಿಯಬೇಕು. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನಗಳಂತಹ ನಿತ್ಯದ ಖರ್ಚಿಗೂ ನಿತ್ಯದ ಆದಾಯ ಸಾಲದಿದ್ದರೆ ಅದು ರಾಜಸ್ವ ಕೊರತೆ. ಕಾಲುವೆ, ಸೇತುವೆ, ಆಸ್ಪತ್ರೆಯ ಕಟ್ಟಡಗಳನ್ನೂ ಸೇರಿಸಿದ ಒಟ್ಟು ಖರ್ಚಿಗೆ ಎತ್ತಬೇಕಾದ ಸಾಲ ವಿತ್ತೀಯ ಕೊರತೆ. ಬಾವಿ ತೋಡಿಸಲು ಮಾಡಿದ ಸಾಲಕ್ಕೂ ಉಣ್ಣುವ ಜೋಳ ತರಲು ಮಾಡಿದ ಸಾಲಕ್ಕೂ ಇರುವ ವ್ಯತ್ಯಾಸವೇ ಇವೆರಡರ ವ್ಯತ್ಯಾಸ. ಬರದ ವರ್ಷ ಜೋಳಕ್ಕೂ ಸಾಲ ಮಾಡಬೇಕಾಗುತ್ತದೆ. ಸುಗ್ಗಿಯ ವರ್ಷವೂ ಜೋಳಕ್ಕೆ ಸಾಲ ಮಾಡುವ ಮನೆಯ ಗತಿಯೇನು?

ಈ ವ್ಯತ್ಯಾಸವನ್ನು ಕಾನೂನಿನಲ್ಲಿ ಬರೆದುಕೊಂಡ ಮೊದಲ ರಾಜ್ಯ ಕರ್ನಾಟಕ. 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ರಾಜಸ್ವ ಕೊರತೆಯನ್ನು ಅಳಿಸಬೇಕೆಂದೂ ವಿತ್ತೀಯ ಕೊರತೆಯನ್ನು ರಾಜ್ಯದ ಆಂತರಿಕ ಉತ್ಪನ್ನದ ಶೇಕಡಾ 3ರೊಳಗೆ ಇಡಬೇಕೆಂದೂ ವಿಧಿಸಿತು. 2004-05ರಿಂದ ಕೊರೋನಾದ ವರ್ಷ ಬರುವ ತನಕ ರಾಜಸ್ವದಲ್ಲಿ ಉಳಿತಾಯವೇ ಇತ್ತು. 2023-24ರಲ್ಲಿ 9,271 ಕೋಟಿ ರೂಪಾಯಿಗಳ ರಾಜಸ್ವ ಕೊರತೆಯಾಯಿತೆಂದೂ, ಅದೇ ವರ್ಷ ಬಂಡವಾಳ ವೆಚ್ಚವು ಹಿಂದಿನ ವರ್ಷಕ್ಕಿಂತ 5,229 ಕೋಟಿ ಕಡಿಮೆಯಾಯಿತೆಂದೂ ಲೆಕ್ಕಪರಿಶೋಧಕರ ವರದಿ ಹೇಳಿತು. 2025-26ರ ಮುಂಗಡಪತ್ರದ ಗಾತ್ರ 4,09,549 ಕೋಟಿ. ಅದರಲ್ಲಿ ಅಂದಾಜಿಸಿದ ರಾಜಸ್ವ ಕೊರತೆ 19,262 ಕೋಟಿ, ವಿತ್ತೀಯ ಕೊರತೆ 90,428 ಕೋಟಿ, ಅಂದರೆ ಆಂತರಿಕ ಉತ್ಪನ್ನದ ಶೇಕಡಾ 2.95. ಮಿತಿಯೊಳಗೇ ಇದೆ, ಆದರೆ ಗೋಡೆಗೆ ಬೆನ್ನು ತಾಗಿದೆ.

ಐದು ಗ್ಯಾರಂಟಿಗಳೇ ಇದಕ್ಕೆಲ್ಲ ಕಾರಣವೆಂದು ಕೈತೊಳೆದುಕೊಳ್ಳುವುದು ಸುಲಭ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ನಮ್ಮ ಬೆಟ್ಟದ ಹೆಣ್ಣುಮಕ್ಕಳ ಕೈಯಲ್ಲಿ ಔಷಧಿಯಾದದ್ದನ್ನೂ, ಬಬಲೇಶ್ವರದ ಹೆಣ್ಣುಮಗಳು ಬಸ್ಸಿಗೆ ಕಾಸಿಲ್ಲದೆ ಮನೆಯಲ್ಲಿ ಉಳಿಯಬೇಕಾಗದೆ ವಿಜಯಪುರದ ಆಸ್ಪತ್ರೆಗೆ ಹೋಗಿಬರುವಂತಾದದ್ದನ್ನೂ ನಾವು ಹಗುರವಾಗಿ ಕಾಣಲಾರೆವು. ಆದರೆ ಅದೇ ಹೆಣ್ಣುಮಗಳ ಊರಿನ ಕಾಲುವೆ ಒಡೆದಾಗ ದುರಸ್ತಿಗೆ ಹಣವಿಲ್ಲವೆಂದರೆ, ನಮ್ಮ ಹಳ್ಳದ ಕಾಲುಸಂಕ ಮುಂದಿನ ವರ್ಷಕ್ಕೆ ಹೋಯಿತೆಂದರೆ, ಆ ಎರಡು ಸಾವಿರಕ್ಕೆ ಬೆಲೆ ಕಟ್ಟುವವರು ಅವಳ ಮಕ್ಕಳು. ನೆರವು ಕೊಡಬೇಕು, ಅದಕ್ಕೆ ತಕ್ಕ ಆದಾಯವನ್ನು ಹುಡುಕುವ ಧೈರ್ಯವನ್ನೂ ತೋರಬೇಕು.

ತಿಕೋಟಾಕ್ಕೆ ಬಂದ ನೀರು

ಸಾಲವು ಒಳ್ಳೆಯದನ್ನು ಮಾಡಬಲ್ಲದು ಎಂಬುದಕ್ಕೆ ತಿಕೋಟಾ-ಬಬಲೇಶ್ವರಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಕೃಷ್ಣೆ ಜಿಲ್ಲೆಯ ತಗ್ಗಿನಲ್ಲಿ ಹರಿಯುತ್ತಾಳೆ. ಈ ಊರುಗಳು ದಿಬ್ಬದ ಮೇಲಿವೆ. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲಿಟ್ಟರು. ಮೂರು ದಶಕ ಕಳೆದರೂ ಕೆಲಸ ಮುಗಿಯಲಿಲ್ಲ. ಬಚಾವತ್ ನ್ಯಾಯಮಂಡಳಿಯ ತೀರ್ಪು 2000ದ ಮೇ 31ರ ನಂತರ ಮರುಪರಿಶೀಲನೆಗೆ ಬರಲಿದೆ ಎಂಬ ಒತ್ತಡದಲ್ಲಿ, 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಸ್ಥಾಪನೆಯಾಯಿತು. ನಿಗಮವು ಸರಕಾರದ ಖಾತರಿಯ ಮೇಲೆ ಬಾಂಡುಗಳನ್ನು ಮಾರಿ ಸಾಲ ಎತ್ತಿತು. ಈ ಸಾಲ ಮುಂಗಡಪತ್ರದ ಹೊರಗಿತ್ತು. ಇಂಥವನ್ನು ರಾಜ್ಯದ ಒಟ್ಟು ಹೊಣೆಯಲ್ಲಿ ಸೇರಿಸಿ ತೋರಿಸುವ ಪದ್ಧತಿ ಬಂದದ್ದು ತಡವಾಗಿ.

ಅಲ್ಲಿಂದ ಮುಂದೆ ಮುಳವಾಡ ಏತ ನೀರಾವರಿ ಬಂತು. ಜಮಖಂಡಿ ತಾಲ್ಲೂಕಿನ ಕವಟಗಿಯ ಬಳಿ ಕೃಷ್ಣೆಯಿಂದ ನೀರೆತ್ತಿ ಸುಮಾರು 1.3 ಲಕ್ಷ ಎಕರೆಗೆ ಉಣಿಸುವ, ಮೂರೂವರೆ ಸಾವಿರ ಕೋಟಿ ರೂಪಾಯಿ ಅಂದಾಜಿನ ತುಬಚಿ-ಬಬಲೇಶ್ವರ ಯೋಜನೆಯೂ ಬಂತು. ಆದಿಲ್ ಶಾಹಿ ಕಾಲದಲ್ಲಿ ಕಟ್ಟಿದ ಮಮದಾಪುರದ ಕೆರೆ ಮತ್ತೆ ತುಂಬಿತು. ಬರದ ವರ್ಷಗಳಲ್ಲಿ ಟ್ಯಾಂಕರಿನಿಂದ ನೀರು ಹೊಡೆಸಿ ದ್ರಾಕ್ಷಿ ಬಳ್ಳಿಯನ್ನು ಉಳಿಸಿಕೊಳ್ಳುತ್ತಿದ್ದ ರೈತ, ಕಾಲುವೆಯ ನೀರನ್ನು ನೋಡುವಂತಾದನು. ಇದನ್ನು ನಷ್ಟದ ಸಾಲವೆಂದು ಯಾರು ಕರೆದಾರು?

ಆದರೆ ಆ ನೀರಿನಿಂದ ಹುಟ್ಟಿದ ಸಂಪತ್ತಿನಲ್ಲಿ ಬೊಕ್ಕಸಕ್ಕೆ ಮರಳಿದ್ದೆಷ್ಟು? ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯಿಲ್ಲ. ಸಂವಿಧಾನದ ಪ್ರಕಾರ ಆ ಅಧಿಕಾರ ರಾಜ್ಯದ್ದು. ರಾಜ್ಯ ಅದನ್ನು ಮುಟ್ಟಲು ಅಂಜುತ್ತದೆ. ನೀರಾವರಿಯಿಂದ ಭೂಮಿಯ ಬೆಲೆ ಏರಿದಾಗ ಅದರ ಒಂದು ಪಾಲನ್ನು ವಂತಿಗೆಯಾಗಿ ಪಡೆಯುವ ಕಾಯ್ದೆ 1957ರಿಂದಲೂ ಇದೆ, ಕಪಾಟಿನಲ್ಲಿದೆ. ನೀರಿನ ಕರವು ಕಾಲುವೆಯ ನಿರ್ವಹಣೆಗೂ ಸಾಲದು. ನೀರನ್ನು ದಿಬ್ಬಕ್ಕೆ ಎತ್ತುವ ಪಂಪುಗಳ ವಿದ್ಯುತ್ ವೆಚ್ಚವೂ ಸರಕಾರದ್ದೇ. ಹೀಗಾಗಿ ಲಾಭ ಪಡೆದ ಹತ್ತು ಎಕರೆಯ ತೋಟದವನಿಗಿಂತ, ನೀರು ತಲುಪದ ಎರೆಭೂಮಿಯಲ್ಲಿ ಬಿಳಿಜೋಳ ಬಿತ್ತುವವನು ತನ್ನ ಬೆಂಕಿಪೆಟ್ಟಿಗೆಯ ಮೇಲೆ, ಡೀಸೆಲ್ಲಿನ ಮೇಲೆ ತೆರಿಗೆ ಕಟ್ಟಿ ಆ ಸಾಲಕ್ಕೆ ಬಡ್ಡಿ ತೆರುತ್ತಾನೆ. ನಮ್ಮ ಬೆಟ್ಟದ ಕೂಲಿಯವಳೂ ತೆರುತ್ತಾಳೆ. ಈ ಮಾತು ತಿಕೋಟಾಕ್ಕಷ್ಟೇ ಅಲ್ಲ, ನಮ್ಮ ನಡುವಿನ ದೊಡ್ಡ ತೋಟಗಳಿಗೂ ಸಲ್ಲುತ್ತದೆ.

ಮುಂದೂಡಿದ ಕೆಲಸವೂ ಒಂದು ಸಾಲವೇ ಎಂಬುದನ್ನು ಕೃಷ್ಣಾ ಮೇಲ್ದಂಡೆಯ ಮೂರನೆಯ ಹಂತ ಕಲಿಸುತ್ತದೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಈ ಯೋಜನೆಯ ಅಂದಾಜು 2012ರಲ್ಲಿ 17,207 ಕೋಟಿ ಇತ್ತು, 2017ರಲ್ಲಿ 51,148 ಕೋಟಿಯಾಯಿತು. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟವು ಮುಳುಗಡೆಯಾಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಎಂದು ಪರಿಹಾರ ನಿಗದಿಪಡಿಸಿದಾಗ, ಭೂಮಿಗೇ ಸುಮಾರು 70,000 ಕೋಟಿ ಬೇಕೆಂಬ ಲೆಕ್ಕ ಹೊರಬಿತ್ತು. ಮನೆ-ಹೊಲ ಕಳೆದುಕೊಳ್ಳುವವರಿಗೆ ನ್ಯಾಯವಾದ ಬೆಲೆ ಸಿಗಬೇಕೆಂಬುದರಲ್ಲಿ, ಶರಾವತಿ, ಕಾಳಿ ನದಿಗಳ ಮುಳುಗಡೆಯನ್ನು ಕಂಡ ನಮಗೆ ಎರಡು ಮಾತಿಲ್ಲ. ಆದರೆ ಇಷ್ಟು ದೊಡ್ಡ ಹೊರೆಯನ್ನು ಹೊರುವ ಮುನ್ನ ಅದರ ಪೂರ್ತಿ ಲೆಕ್ಕವನ್ನು ಜನರ ಮುಂದಿಡಬೇಕು.

ಬರೆಯದ ಸಾಲ

ಪೂರ್ತಿ ಲೆಕ್ಕವೆಂದೆವು. ಯಾವ ಮುಂಗಡಪತ್ರದಲ್ಲೂ ಕಾಣದ ಮತ್ತೊಂದು ಕೊರತೆಯಿದೆ. ಎರೆಭೂಮಿಗೆ ಮಿತಿಯಿಲ್ಲದೆ ನೀರು ಹಾಯಿಸಿ ಕಬ್ಬು ಬೆಳೆದರೆ ಕೆಲವೇ ವರ್ಷಗಳಲ್ಲಿ ಭೂಮಿ ಸವಳು-ಜವಳಾಗುತ್ತದೆ. ಕೃಷ್ಣೆಯ ಅಚ್ಚುಕಟ್ಟಿನಲ್ಲಿ ಇದು ಹೊಸ ಸುದ್ದಿಯಲ್ಲ. ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಸ್ಥಾವರ ಕಲ್ಲಿದ್ದಲು ಸುಟ್ಟು ವಿದ್ಯುತ್ ಮಾಡುತ್ತದೆ. ಅದರ ಬೂದಿ ಯಾರ ಲೆಕ್ಕಕ್ಕೆ? ಸಹ್ಯಾದ್ರಿಯ ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆಯ ನೀರು ಮೇಲಿನ ಕಾಡು ಉಳಿದರಷ್ಟೇ ವರ್ಷವಿಡೀ ಕೆಳಗಿಳಿಯುತ್ತದೆ. ಕಾಡನ್ನು ಕಡಿದರೆ ಆ ವರ್ಷದ ಆದಾಯದ ಪಟ್ಟಿಯಲ್ಲಿ ನಾಟಾದ ಹಣ ಸೇರುತ್ತದೆ, ಕಳೆದುಹೋದ ಬುಗ್ಗೆ ಯಾವ ಪಟ್ಟಿಯಲ್ಲೂ ಸೇರುವುದಿಲ್ಲ. ಅರಣ್ಯ ಪ್ರದೇಶ ಶೇಕಡಾ ಒಂದಕ್ಕೂ ಕಡಿಮೆಯಿದ್ದ ವಿಜಯಪುರ ಜಿಲ್ಲೆಯಲ್ಲಿ 2016ರಿಂದ ಕೋಟಿ ವೃಕ್ಷ ಅಭಿಯಾನ ನಡೆಸಬೇಕಾಗಿ ಬಂದದ್ದು, ಹಳೆಯ ತಲೆಮಾರುಗಳು ಬರೆದಿಡದ ಸಾಲವನ್ನು ಹೊಸ ತಲೆಮಾರು ತೀರಿಸತೊಡಗಿದ ಬಗೆ.

ಆದ್ದರಿಂದ ನಮ್ಮ ನಿಲುವು ಇಷ್ಟು. ದುಡಿಯುವವನ ಕೈ ಕಟ್ಟುವ ತೆರಿಗೆ ಬೇಡ. ಸಾರ್ವಜನಿಕ ಹಣದಿಂದ ಬೆಳೆದ ಸಂಪತ್ತು ತನ್ನ ಪಾಲನ್ನು ಕೊಡಲಿ. ನೀರಿನ ಕರ ಎಕರೆಯ ಲೆಕ್ಕದ ಬದಲು ಬಳಸಿದ ನೀರಿನ ಲೆಕ್ಕದಲ್ಲಿ ಬರಲಿ, ಸಣ್ಣ ಹಿಡುವಳಿಗೆ ವಿನಾಯಿತಿಯಿರಲಿ, ಬಂದ ಹಣ ಅದೇ ಕಾಲುವೆಯ ದುರಸ್ತಿಗೆ ಹೋಗಲಿ. ಬರದ ವರ್ಷ ಸರಕಾರ ಸಾಲ ಮಾಡಿಯಾದರೂ ಜನರನ್ನು ಉಳಿಸಲಿ, ಒಳ್ಳೆಯ ವರ್ಷ ಅದನ್ನು ತೀರಿಸಲಿ. ಪ್ರತಿಯೊಂದು ದೊಡ್ಡ ಯೋಜನೆಯ ಪತ್ರದಲ್ಲಿ ರೂಪಾಯಿಯ ಅಂದಾಜಿನ ಪಕ್ಕದಲ್ಲಿಯೇ ಕಳೆದುಕೊಳ್ಳುವ ಮಣ್ಣು, ನೀರು, ಕಾಡುಗಳ ಅಂದಾಜೂ ಇರಲಿ.

ಇದು ವಿಧಾನಸೌಧದಲ್ಲಿಯೇ ಆರಂಭವಾಗಬೇಕಿಲ್ಲ. ಮನೆ ಕಂದಾಯ, ನೀರಿನ ಕರಗಳನ್ನು ವಿಧಿಸುವ ಅಧಿಕಾರ ನಮ್ಮ ಗ್ರಾಮ ಪಂಚಾಯಿತಿಗೂ ಇದೆ. ಮುಂದಿನ ಗ್ರಾಮಸಭೆಯಲ್ಲಿ ವಿದ್ಯಾರ್ಥಿಗಳು ಪಂಚಾಯಿತಿಯ ಆಯವ್ಯಯದ ಪ್ರತಿಯನ್ನು ಕೇಳಿ ಪಡೆದು, ಎಷ್ಟು ಬಂತು, ಎಷ್ಟು ಬಾಕಿ ಉಳಿಯಿತು, ಯಾರ ಬಾಕಿ ಉಳಿಯಿತು, ಖರ್ಚಾದದ್ದರಲ್ಲಿ ಹತ್ತು ವರ್ಷ ನಿಲ್ಲುವಂಥದ್ದು ಎಷ್ಟು ಎಂದು ಗಟ್ಟಿಯಾಗಿ ಓದಿ ಹೇಳಲಿ. ಹಿರಿಯರು ಕೂತು ಕೇಳಲಿ. ತನ್ನ ಊರಿನ ಲೆಕ್ಕವನ್ನು ಓದಬಲ್ಲ ಜನರ ಮುಂದೆ ರಾಜ್ಯದ ಲೆಕ್ಕವನ್ನು ಮುಚ್ಚಿಡುವುದು ಯಾವ ಸರಕಾರಕ್ಕೂ ಸುಲಭವಲ್ಲ.